ವಾರಕ್ಕೆ ಏಳು ಪೈಪು

ಆನಗೋಳದ ಶಿವಬಸವ್ವನಿಗೆ ಖಾನಾಪುರಕ್ಕೆ ಹೋಗಬೇಕಾಗಿತ್ತು. ಬೆಳಗಾವಿಯಿಂದ ಬಸ್ಸಿನಲ್ಲಿ ಮುಕ್ಕಾಲು ತಾಸಿನ ದಾರಿ. ಮದುವೆಯಾದ ಮೂವತ್ತೊಂದು ವರ್ಷಗಳಲ್ಲಿ ಆ ದಾರಿಯಲ್ಲಿ ಅವಳು ಬಹಳ ಸಲ ಓಡಾಡಿದ್ದಳು: ತಂಗಿ ರೇಣವ್ವನ ಎರಡು ಬಾಣಂತನಕ್ಕೆ, ರೇಣವ್ವನ ಅತ್ತೆ ತೀರಿಕೊಂಡಾಗ ಬಂದವರಿಗೆಲ್ಲ ಅನ್ನ ಬೇಯಿಸಲಿಕ್ಕೆ, ರೇಣವ್ವನ ಮೈದುನನ ಮದುವೆಗೆ ಹೂರಣ ರುಬ್ಬಲಿಕ್ಕೆ. ಹೋದಾಗಲೆಲ್ಲ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಸ್ಸಿಳಿಯುತ್ತಿದ್ದಳು. ಈ ಸಲ, ಎರಡು ಸಾವಿರದ ಇಸವಿಯ ಆಷಾಢದಲ್ಲಿ, ಯಾವ ಕಾರ್ಯವೂ ಇಲ್ಲದೆ ಎಂಟು ದಿನ ಹೋಗಿ ತಂಗಿಯ ಪಡಸಾಲೆಯಲ್ಲಿ ಸುಮ್ಮನೆ ಕೂತುಬರಬೇಕೆಂಬ ಆಸೆ ಹುಟ್ಟಿತು.

ಗಂಡ ಬಸಲಿಂಗಪ್ಪನಿಗೆ ಇದು ತಿಳಿಯಲಿಲ್ಲ.

"ಅಲ್ಲೇನ್ ಕಾರ್ಯ ಐತಿ?"

"ಏನೂ ಇಲ್ರಿ."

"ಯಾರಿಗರ ಆರಾಮಿಲ್ಲೇನು?"

"ಎಲ್ಲಾರೂ ಗಟ್ಟಿಮುಟ್ಟ ಅದಾರ."

"ಹಂಗಾರ ಯಾಕ ಹೊಂಟಿ?"

"ಎಲ್ಲಾರೂ ಗಟ್ಟಿಮುಟ್ಟ ಅದಾರಂತನ ಹೊಂಟೀನ್ರಿ."

ಬಸಲಿಂಗಪ್ಪ ಕೆಟ್ಟ ಮನುಷ್ಯನಲ್ಲ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಇಪ್ಪತ್ತೆಂಟು ವರ್ಷ ಸ್ಟೋರ್ ಕೀಪರನಾಗಿದ್ದು ನಿವೃತ್ತನಾದವನು. ಕೇಳಿದ್ದನ್ನು ಕೊಡುವುದಿಲ್ಲ ಎಂದು ಯಾರಿಗೂ ಅಂದವನಲ್ಲ. ಸ್ಟಾಕ್ ಇಲ್ಲ ಅನ್ನುತ್ತಿದ್ದ, ಅಷ್ಟೆ. ಹೆಂಡತಿಗೂ ಬೇಡ ಅನ್ನಲಿಲ್ಲ. ಗೋಡೆಯ ಗಾಜಿನ ಕಪಾಟಿನ ಕಡೆ ನೋಡಿ, "ಹೋಗು. ಆದರ ಈ ಮಳ್ಯಾಗ ಇವನ್ನ ಒರಸೋರ್ಯಾರು?" ಎಂದ.

ಕಪಾಟಿನಲ್ಲಿದ್ದದ್ದು ತಂಬಾಕು ಸೇದುವ ಏಳು ಪೈಪು. ಬಸಲಿಂಗಪ್ಪನ ಅಪ್ಪ ಲಕ್ಷ್ಮಪ್ಪ ಲೋಂಡಾ ಜಂಕ್ಷನ್ನಿನಲ್ಲಿ ರೈಲ್ವೆ ಸಾಹೇಬನೊಬ್ಬನ ಬಂಗಲೆಯ ಜವಾನನಾಗಿದ್ದ. ಸಾಹೇಬ ವಿಲಾಯತಿಗೆ ಹೊರಟಾಗ ಮೇಜು ಕುರ್ಚಿ ಮಾರಿದ, ನಾಯಿಯನ್ನು ಸ್ಟೇಷನ್ ಮಾಸ್ತರನಿಗೆ ಕೊಟ್ಟ, ಪೈಪುಗಳನ್ನು ಲಕ್ಷ್ಮಪ್ಪನ ಕೈಗಿಟ್ಟ. ವಾರದ ಏಳು ದಿನಕ್ಕೆ ಏಳು. ಒಂದೊಂದರ ಕೊರಳಿಗೂ ಬೆಳ್ಳಿಯ ಉಂಗುರ, ಉಂಗುರದ ಮೇಲೆ ಇಂಗ್ಲಿಷಿನಲ್ಲಿ ವಾರದ ಹೆಸರು. ಲಕ್ಷ್ಮಪ್ಪ ಎಂದೂ ತಂಬಾಕು ಮುಟ್ಟಿದವನಲ್ಲ. ಬಸಲಿಂಗಪ್ಪ ಒಂದೇ ಸಲ, ಹಿರಿಯ ಮಗಳ ತೊಟ್ಟಿಲ ಕಾರ್ಯದ ದಿನ, ಬೀಗರೆದುರು ಭಾನುವಾರದ ಪೈಪಿಗೆ ಬೆಂಕಿ ತಾಗಿಸಿ ಎಳೆದಿದ್ದ. ಕೆಮ್ಮು ಹತ್ತಿ, ಕೂಸಿನ ಬದಲು ಅವನಿಗೇ ನಾಲ್ಕು ಮಂದಿ ಗಾಳಿ ಹಾಕಬೇಕಾಯಿತು. ಆಮೇಲೆ ದೊಡ್ಡ ಮನುಷ್ಯರು ಮನೆಗೆ ಬಂದರೆ ಮಾತ್ರ ಆ ದಿನದ ಖಾಲಿ ಪೈಪು ಕಚ್ಚಿಕೊಂಡು ಕೂಡುತ್ತಿದ್ದ. ಆನಗೋಳಕ್ಕೆ ದೊಡ್ಡ ಮನುಷ್ಯರು ಬರುವುದು ಕಡಿಮೆ.

ಆದರೆ ಮಹಾನವಮಿಯ ಖಂಡೆ ಪೂಜೆಗೆ ಪೈಪುಗಳು ತಪ್ಪುತ್ತಿರಲಿಲ್ಲ. ಕುಡುಗೋಲು, ಸುತ್ತಿಗೆ, ಪಾನಾಗಳ ಸಾಲಿನಲ್ಲಿ ಇವನ್ನೂ ಇಡುವ ಪದ್ಧತಿಯನ್ನು ಹಾಕಿಕೊಟ್ಟವನು ಲಕ್ಷ್ಮಪ್ಪನೇ. ಸಾಹೇಬ ಬೇರೆ ಯಾವ ಸಾಮಾನನ್ನೂ ಕೈಯಲ್ಲಿ ಹಿಡಿದದ್ದನ್ನು ಅವನು ಕಂಡಿರಲಿಲ್ಲ. ಆದ್ದರಿಂದ ಸಾಹೇಬನ ಆಯುಧ ಇದೇ ಇರಬೇಕೆಂದುಕೊಂಡಿದ್ದ. ಹೀಗೆ ಬಸವಣ್ಣನ ಫೋಟೋದ ಕೆಳಗೆ ಏಳು ತಂಬಾಕಿನ ಪೈಪುಗಳು ಮೂರು ಬೆರಳಿನ ವಿಭೂತಿ ಧರಿಸಿ ಕೂಡುತ್ತಿದ್ದವು.

ವರ್ಷಕ್ಕೊಮ್ಮೆ ವಿಭೂತಿ ಹಚ್ಚುವ ಕೆಲಸ ಬಸಲಿಂಗಪ್ಪನದು. ಉಳಿದದ್ದೆಲ್ಲ ಶಿವಬಸವ್ವನದು. ಮಳೆಗಾಲದಲ್ಲಿ ಕಟ್ಟಿಗೆಗೆ ಬಿಳಿ ಬೂಸು ಹಿಡಿಯುತ್ತದೆ, ದಿನ ಬಿಟ್ಟು ದಿನ ಒರೆಸಬೇಕು. ಬಾಯಿಗಿಡುವ ಕರಿ ತುದಿ ಹಸಿರಾಗುತ್ತದೆ, ಉಜ್ಜಬೇಕು. ಬೆಳ್ಳಿ ಕಪ್ಪಾಗುತ್ತದೆ, ತಿಕ್ಕಬೇಕು. ಅಮಾವಾಸ್ಯೆಗೊಮ್ಮೆ ಅಂಟವಾಳದ ಬಿಸಿನೀರಿನಲ್ಲಿ ನೆನೆಹಾಕಿ ತೊಳೆಯಬೇಕು. ಇದನ್ನೆಲ್ಲ ಅವಳಿಗೆ ಕಲಿಸಿದವಳು ಅತ್ತೆ. ಅತ್ತೆಗೆ ಕಲಿಸಿದವರು ಯಾರೂ ಇರಲಿಲ್ಲ. ಹಿತ್ತಾಳೆಯ ತಂಬಿಗೆ ತೊಳೆದ ಹಾಗೆ ತೊಳೆದಿದ್ದಳು, ಅದೇ ಶಾಸ್ತ್ರವಾಯಿತು.

"ಮಾರಿಬಿಡೂಣ್ರಿ," ಎಂದಳು ಶಿವಬಸವ್ವ. ಅವಳಿಗೆ ಲೆಕ್ಕ ಸರಳವಾಗಿತ್ತು. ಪೈಪಿಲ್ಲದಿದ್ದರೆ ಬೂಸಿಲ್ಲ, ಬೂಸಿಲ್ಲದಿದ್ದರೆ ಖಾನಾಪುರ.

"ಪೂಜಿ ಮಾಡಿದ್ದನ್ನ ಮಾರತಾರೇನ?"

ಸೋಮವಾರ ಕಂತಿ ಭಿಕ್ಷೆಗೆ ಬರುವ ಮಠದ ಈರಯ್ಯನನ್ನು ಕೂರಿಸಿಕೊಂಡು ಕೇಳಿದರು. ಈರಯ್ಯ ಶೇಂಗಾ ಹೋಳಿಗೆಯ ಕೊನೆಯ ತುಣುಕನ್ನು ತುಪ್ಪದಲ್ಲಿ ಅದ್ದುತ್ತ ಹೇಳಿದ: "ಲಾರಿಗೂ ಖಂಡಿ ಪೂಜಿ ಮಾಡ್ತಾರ ಬಸಲಿಂಗಪ್ಪ. ಮಾರೂದಿಲ್ಲೇನು? ಮಾರಿದ್ರೂ ದೋಷ ಇಲ್ಲ, ಇಟಗೊಂಡ್ರೂ ದೋಷ ಇಲ್ಲ. ತೊಳಿಯೋರನ್ನ ಕೇಳು."

"ಅಕೀಗೇನ್ ಕೇಳೂದ್ರಿ ಅಯ್ಯಾರ, ಅಕಿ ತೊಳಿತಾಳಲ್ಲ," ಎಂದ ಬಸಲಿಂಗಪ್ಪ.

ಇಷ್ಟರಲ್ಲಿ ಸುದ್ದಿ ಹೇಗೋ ಅನಿಕೇತನ ಕಿವಿಗೆ ಬಿತ್ತು. ಕಣಕುಂಬಿಯ ಕಡೆ ಕಾಡಿನ ಅಂಚಿನಲ್ಲಿ ಹೋಟೆಲು ಕಟ್ಟಿಸುತ್ತಿದ್ದ ಹುಡುಗ ಅವನು. ಗೋವೆಗೆ ಹೋಗಿಬರುವವರು ನೋಡಲೆಂದು ಗೋಡೆಯ ತುಂಬ ಸಾಹೇಬರ ಕಾಲದ ಸಾಮಾನು ತೂಗುಹಾಕುವ ಹುಚ್ಚು. ಬೈಕಿನಲ್ಲಿ ತೊಯ್ದುಕೊಂಡೇ ಬಂದ. ಪೈಪುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಆರನ್ನು ನೋಡಿ ತಲೆಯಾಡಿಸಿದ. ಗುರುವಾರದ್ದನ್ನು ಮೂಗಿಗೆ ಹಿಡಿದು ನಿಂತುಬಿಟ್ಟ.

"ಕಾಕಾ, ಇದರಾಗ ಏನ್ ಸೇದ್ತೀರಿ ನೀವು? ಶೇಂಗಾ ಎಣ್ಣಿ ವಾಸನಿ ಬರಾಕತ್ತೈತಿ."

ಬಸಲಿಂಗಪ್ಪ ಹೆಂಡತಿಯ ಮುಖ ನೋಡಿದ.

"ಡಬ್ಬಿ ಎಣ್ಣಿ ಬಾಟಲಿಗೆ ಹಾಕಾಕ ತಗೋತೀನಿ," ಎಂದಳು ಶಿವಬಸವ್ವ. "ಲಾಳಿಕಿ ಮುರದು ಆರು ವರ್ಷ ಆತು. ತಂದುಕೊಡ್ರಿ ಅಂತ ಹೇಳಿ ಹೇಳಿ ಸಾಕಾತು. ಇದು ನೋಡಿದ್ರ ಮ್ಯಾಲ ಅಗಲ, ಕೆಳಗ ಸಣ್ಣ ತೂತು. ಒಂದ ಹನಿ ಚೆಲ್ಲೂದಿಲ್ಲ."

"ಸಾಹೇಬನ ಪೈಪಿನ್ಯಾಗ ಎಣ್ಣಿ!"

"ಆಮ್ಯಾಲ ಒರಸಿ ಅಲ್ಲೇ ಇಟ್ಟೀನಲ್ಲ. ಆರು ವರ್ಷ ನಿಮಗ ಗೊತ್ತಾತೇನು?"

ಅನಿಕೇತ ನಡುವೆ ಬಂದ. "ಕಾಕಾ, ಸಿಟ್ಟಾಗಬ್ಯಾಡ್ರಿ. ಬಾಕಿ ಆರೂ ಬಿಸಿನೀರಾಗ ತೊಳದ ತೊಳದ ಸೀಳ್ಯಾವ. ಕಟ್ಟಿಗೀಗೆ ನೀರ ತಾಗಸಬಾರದು. ಕಾಕು ಎಣ್ಣಿ ಹಾಕಿದ್ದಕ್ಕ ಇದೊಂದ ಉಳದೈತಿ. ನನಗ ಗೋಡೀಗೆ ಏಳೂ ಬೇಕು, ಸೀಳಿದ್ದರೂ ನಡೀತೈತಿ. ವಿಚಾರ ಮಾಡ್ರಿ. ಅಲ್ಲೀತನಾ ಬೂಸು ಹಿಡೀದಂಗ ನೋಡಕೋರಿ." ಫೋನ್ ನಂಬರಿನ ಚೀಟಿ ಕೊಟ್ಟು ಹೋದ.

ಮೂವತ್ತೊಂದು ವರ್ಷ ಚೊಕ್ಕ ಮಾಡಿದ್ದೇ ಪೈಪು ಹಾಳಾಗಲು ಕಾರಣ ಎಂದು ತಿಳಿದ ಮೇಲೆ ಇನ್ನು ಚೊಕ್ಕ ಮಾಡುವುದು ಬೇಡ ಎಂದು ಯಾರಾದರೂ ಅಂದುಕೊಂಡಾರು. ಬಸಲಿಂಗಪ್ಪ ಹಾಗೆ ಅಂದುಕೊಳ್ಳಲಿಲ್ಲ. ಗುರುವಾರದ ಪೈಪಿಗೆ ಅಡಿಗೆಮನೆ ಬಂದ್ ಆಯಿತು. ಬೂಸು ಬರದಂತೆ ಏಳನ್ನೂ ಇನ್ನು ದಿನಾಲೂ ಒರೆಸಬೇಕೆಂದಾಯಿತು. ಶಿವಬಸವ್ವನಿಗೆ ಲಾಳಿಕೆಯೂ ಹೋಯಿತು, ಕೆಲಸವೂ ಹೆಚ್ಚಿತು.

ವಿಚಾರ ಮಾಡುವ ಕೆಲಸವನ್ನು ಬಸಲಿಂಗಪ್ಪ ತಾನು ವಹಿಸಿಕೊಂಡ. ದಿನಾ ಬೆಳಿಗ್ಗೆ ಆ ದಿನದ ಪೈಪು ಕಚ್ಚಿಕೊಂಡು ಕುರ್ಚಿಯಲ್ಲಿ ಕೂತ. ಸೋಮವಾರ ಮಧ್ಯಾಹ್ನದ ಹೊತ್ತಿಗೆ, ಸೋಮವಾರದ್ದೊಂದನ್ನು ಇಟ್ಟುಕೊಂಡು ಉಳಿದ ಆರನ್ನು ಮಾರೋಣ ಎಂದ. ಮಂಗಳವಾರ, ಮಂಗಳವಾರದ್ದನ್ನು ಬಿಟ್ಟು ಉಳಿದದ್ದನ್ನು ಮಾರುವುದೇ ಸರಿ ಎಂದ. ಬುಧವಾರ ಬುಧವಾರದ್ದು ಬಾಯಿಗೆ ಎಷ್ಟು ಹಿತವಾಗಿದೆ ಎಂಬುದನ್ನು ಅರ್ಧ ತಾಸು ಹೇಳಿದ. ಶನಿವಾರ ಮುಗಿಯುವಷ್ಟರಲ್ಲಿ ಒಂದೊಂದಾಗಿ ಆರನ್ನೂ ಇಟ್ಟುಕೊಳ್ಳುವುದೆಂದು ಗೊತ್ತಾಗಿತ್ತು; ಮಾರುವುದೂ ಗೊತ್ತಾಗಿತ್ತು. ಪ್ರತಿ ವಿಚಾರದ ನಂತರ ಪೈಪಿನ ತುದಿಗೆ ಹತ್ತಿದ ಎಂಜಲನ್ನು ಶಿವಬಸವ್ವ ಒರೆಸುತ್ತಿದ್ದಳು.

"ರೀ, ಒಂದ ಮಾತ ಹೇಳ್ರಿ. ಇಡತೀರೋ, ಮಾರತೀರೋ?"

"ಗಡಿಬಿಡಿ ಮಾಡಬ್ಯಾಡ. ಅಪ್ಪನ ಕಾಲದ್ದು. ವಿಚಾರ ಆಗಬೇಕು."

"ಎಷ್ಟ ದಿನ?"

"ಶ್ರಾವಣ ಮುಗೀಲಿ."

ಶ್ರಾವಣ ಮುಗಿದರೆ ಗಣಪತಿ, ಗಣಪತಿ ಮುಗಿದರೆ ಮಹಾನವಮಿ. ಮಹಾನವಮಿಗೆ ಪೈಪು ಮತ್ತೆ ಪೂಜೆಗೆ ಕೂಡುತ್ತವೆ. ಶಿವಬಸವ್ವನಿಗೆ ಮುಂದಿನ ಮೂವತ್ತೊಂದು ವರ್ಷ ಒಮ್ಮೆಗೇ ಕಣ್ಣಿಗೆ ಬಿತ್ತು. ಮರುದಿನ ಬೆಳಿಗ್ಗೆ ಎರಡು ಸೀರೆಯನ್ನು ಚೀಲಕ್ಕೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಕಟಕ ರೊಟ್ಟಿ ಡಬ್ಬ್ಯಾಗ ಅದಾವ. ಶೇಂಗಾ ಚಟ್ನಿ ಮಾಡಿಟ್ಟೀನಿ. ಅನ್ನ ಮಾಡಕೋರಿ, ಹಾಲು ಕಾಸಕೋರಿ. ಒರಸೂ ಅರಬಿ ಕಪಾಟಿನ ಕೆಳಗೈತಿ."

ಭಾನುವಾರದ ಪೈಪು ಬಾಯಲ್ಲಿದ್ದುದರಿಂದ ಬಸಲಿಂಗಪ್ಪನ ಉತ್ತರ ಸ್ಪಷ್ಟವಾಗಿ ಕೇಳಲಿಲ್ಲ.

ಖಾನಾಪುರದಲ್ಲಿ ರೇಣವ್ವನ ಮನೆ ಹಂಚಿನ ಕಾರ್ಖಾನೆಯ ಹಿಂದಿನ ಓಣಿಯಲ್ಲಿ. ಅಕ್ಕ ಒಬ್ಬಳೇ ಬಂದದ್ದನ್ನು ನೋಡಿ ರೇಣವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿಬಂದಳು.

"ಅಕ್ಕಾ! ಯಾರ ಹ್ವಾದ್ರು?"

"ಯಾರೂ ಹೋಗಿಲ್ಲ."

"ಮಾವಾರ ಹೊಡದ್ರೇನು?"

"ಇಲ್ಲವಾ. ಸುಮ್ನ ಬಂದೀನಿ."

ಸುಮ್ಮನೆ ಬಂದಿದ್ದಾಳೆ ಎಂಬ ಮಾತು ಓಣಿಯಲ್ಲಿ ಯಾರಿಗೂ ನಂಬಿಕೆಯಾಗಲಿಲ್ಲ. ಬಾಜು ಮನೆಯ ಮರಾಠಿ ಹೆಂಗಸು ಸಂಜೆ ಸಮಾಧಾನ ಹೇಳಲು ಬಂದು, ಎಂಥ ದುಃಖಕ್ಕೆ ಎಂದು ಗೊತ್ತಾಗದೆ, ತನ್ನ ಗಂಡನನ್ನೇ ಎರಡು ಮಾತು ಬಯ್ದು ಹೋದಳು. ಶಿವಬಸವ್ವನಿಗೂ ಸುಮ್ಮನೆ ಕೂಡುವುದು ಅಷ್ಟು ಸುಲಭವಾಗಲಿಲ್ಲ. ಮೊದಲ ದಿನ ಕೈ ತಾನಾಗಿಯೇ ಅಕ್ಕಿಯ ಮೊರದ ಕಡೆ ಹೋಯಿತು. ರೇಣವ್ವ ಮೊರ ಕಸಿದುಕೊಂಡಳು. ಎರಡನೆಯ ದಿನ ಕಂಬಕ್ಕೆ ಒರಗಿ ಮಳೆ ನೋಡುತ್ತ ಕೂತವಳಿಗೆ ಅಲ್ಲೇ ನಿದ್ದೆ ಬಂತು. ಎಚ್ಚರಾದಾಗ ಯಾರೂ ಕರೆದಿರಲಿಲ್ಲ. ತಾನಾಗಿ ಎಚ್ಚರವಾಗಿತ್ತು. ಅದೆಂಥ ರುಚಿ ಎಂದು ನಾಲಿಗೆಯಿಂದ ತುಟಿ ಸವರಿಕೊಂಡಳು.

ಮೂರನೆಯ ದಿನ ಹನ್ನೊಂದರ ಬಸ್ಸಿಗೆ ಬಸಲಿಂಗಪ್ಪ ಬಂದಿಳಿದ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಾಯಿಪಲ್ಯೆಯ ಚೀಲ. ಪಡಸಾಲೆಯಲ್ಲಿ ಕೂತು ಚೀಲ ತೆರೆದ. ಏಳು ಪೈಪಿಗೂ ಬಿಳಿ ಬೂಸು, ಮುದುಕರ ಗಡ್ಡದ ಹಾಗೆ.

"ನೋಡು, ಹೆಂಗಾಗ್ಯಾವ!"

"ಬೂಸು ಬಂದೈತಿ," ಎಂದಳು ಶಿವಬಸವ್ವ, ಕಂಬ ಬಿಡದೆ.

"ಲಗೂ ಒರಸಿ ಕೊಡು. ಒಂದರ ಬಸ್ಸಿಗೆ ಹೋಗಿಬಿಡತೀನಿ."

"ನಾ ಇಲ್ಲಿ ಯಾವ ಕೆಲಸಕ್ಕೂ ಬಂದಿಲ್ರಿ."

"ಮತ್ಯಾಕ ಬಂದಿ?"

"ಅದಕ್ಕ ಬಂದೀನಿ."

ಒಳಗಿಂದ ಅರಿವೆ ಹಿಡಿದು ಬಂದ ರೇಣವ್ವ, "ತರ್ರಿ ಮಾವಾರ, ನಾ ಒರಸತೀನಿ," ಎಂದಳು.

"ಅರಬಿ ಅವರ ಕೈಯಾಗ ಕೊಟ್ಟ ನೀ ಇಲ್ಲಿ ಬಂದ ಕುಂದರು," ಎಂದಳು ಅಕ್ಕ. ಆ ದನಿಯನ್ನು ರೇಣವ್ವ ಮೊದಲು ಕೇಳಿರಲಿಲ್ಲ. ಕೊಟ್ಟು ಕೂತಳು.

ಅಕ್ಕತಂಗಿಯರಿಬ್ಬರೂ ಕೈ ಕಟ್ಟಿ ಕೂತಿರುವುದನ್ನು ನೋಡುತ್ತ ಬಸಲಿಂಗಪ್ಪ ಒರೆಸತೊಡಗಿದ. ಸೋಮವಾರದ್ದಕ್ಕೆ ಕಾಲು ತಾಸು ಹಿಡಿಯಿತು. ಬೂಸು ಹೋದ ಮೇಲೆ ಕರಿ ತುದಿಯ ಹಸಿರು ಕಂಡಿತು. ಹಸಿರನ್ನು ಉಜ್ಜಿದರೆ ಬೆಳ್ಳಿಯ ಕಪ್ಪು ಕಂಡಿತು.

"ಬೆಳ್ಳೀಗೆ ಏನ ಹಾಕ್ತಿದ್ದಿ?"

"ವಿಭೂತಿ."

ರೇಣವ್ವನ ದೇವರ ಗೂಡಿನಿಂದ ವಿಭೂತಿ ತಂದು ತಿಕ್ಕಿದ. ಮಂಗಳವಾರದ್ದು ಮುಗಿಯುವಾಗ ಹೆಬ್ಬೆರಳು ನೋಯತೊಡಗಿತ್ತು. ಬುಧವಾರದ ಪೈಪನ್ನು ಕೈಗೆತ್ತಿಕೊಂಡವನು, "ಶನಿವಾರದ್ದು ಮಾರಿದ್ರೂ ನಡೀತೈತಿ," ಎಂದ. ಸ್ವಲ್ಪ ಹೊತ್ತು ತಿಕ್ಕಿ, "ಶುಕ್ರವಾರದ್ದು ಹೆಂಗೂ ಸೀಳೈತಿ," ಎಂದ. ಗುರುವಾರದ್ದರ ಬೂಸು ಎಣ್ಣೆಗೆ ಅಂಟಿಕೊಂಡು ಬಿಡಲೊಲ್ಲದು. ಅರಿವೆಯನ್ನು ಮಡಿಚಿ, ಬಿಚ್ಚಿ, ಇನ್ನೊಂದು ಮಗ್ಗುಲಿಗೆ ಮಡಿಚಿದ. ಅಪ್ಪನ ನೆನಪಿಗೆ ಸೋಮವಾರದ್ದೊಂದು ಸಾಕು ಎಂದ. ಪಕ್ಕದಲ್ಲಿಟ್ಟಿದ್ದ ಸೋಮವಾರದ್ದನ್ನು ನೋಡಿದರೆ, ಖಾನಾಪುರದ ಮಳೆಗಾಳಿಗೆ ಅದರ ಬೆಳ್ಳಿ ಆಗಲೇ ಮಬ್ಬಾಗಿತ್ತು.

"ಇದನ್ನ ನೀ ದಿನಾ ಮಾಡತಿದ್ದೇನು?" ಎಂದು ಕೇಳಿದ.

"ಒಲೀ ಮ್ಯಾಲ ಬ್ಯಾಳಿ ಇಟ್ಟ ಮಾಡತಿದ್ದೆ," ಎಂದಳು ಶಿವಬಸವ್ವ.

ಬಸಲಿಂಗಪ್ಪ ಎದ್ದು, ಏಳನ್ನೂ ಚೀಲಕ್ಕೆ ತುಂಬಿಕೊಂಡು, ಮೂಲೆಯ ಎಸ್‌ಟಿಡಿ ಬೂತಿಗೆ ನಡೆದ. ಅನಿಕೇತ ಅಂದೇ ಕಣಕುಂಬಿಗೆ ಹೊರಟಿದ್ದ. ಖಾನಾಪುರದ ಸ್ಟ್ಯಾಂಡಿನಲ್ಲಿ ನಿಂತಿರಿ ಎಂದ. ಅರ್ಧ ಒರೆಸಿದ, ಅರ್ಧ ಬೂಸಿನ ಪೈಪುಗಳನ್ನು ನೋಡಿ ಅವನಿಗೆ ಖುಷಿಯೇ ಆಯಿತಂತೆ. ಈಗ ಖರೇ ಹಳೆಯದರ ಹಾಗೆ ಕಾಣುತ್ತವೆ ಎಂದನಂತೆ.

ಮೂರು ಗಂಟೆಗೆ ಬಸಲಿಂಗಪ್ಪ ಖಾಲಿ ಚೀಲ ಝಾಡಿಸುತ್ತ ಪಡಸಾಲೆಗೆ ಬಂದ. ಮುಖದಲ್ಲಿ ದೊಡ್ಡ ಉಪಕಾರ ಮಾಡಿದವನ ಕಳೆ.

"ಮಾರಿಬಿಟ್ಟೆ. ನಡಿ, ಮನೀಗೆ ಹೋಗೂಣು. ಈಗ ಮನ್ಯಾಗ ಒರಸೂ ಕೆಲಸ ಏನೂ ಉಳದಿಲ್ಲ."

"ಕೆಲಸಿಲ್ಲಂದ್ರ ನಾ ಯಾಕ ಬರ್ಲಿ?"

ಬಸಲಿಂಗಪ್ಪ ಬಾಯಿ ತೆರೆದ. ಬಾಂಡೆ, ಬಟ್ಟೆ, ರೊಟ್ಟಿ, ನೀರು ಎಲ್ಲ ನಾಲಿಗೆಯ ತುದಿಗೆ ಬಂದಿರಬೇಕು. ಆದರೆ ಅಂಥದೊಂದನ್ನು ಹೇಳಿದರೆ ಅದಕ್ಕೂ ಒಂದು ಅರಿವೆ ತನ್ನ ಕೈಗೇ ಬಂದೀತೆಂಬ ಸಂಶಯ ಅವನಿಗೆ ಹೊಳೆದಂತಿತ್ತು. ಖಾಲಿ ಚೀಲವನ್ನು ಮಡಿಚತೊಡಗಿದ.

"ಇನ್ನ ಐದ ದಿನ ಐತ್ರಿ," ಎಂದಳು ಶಿವಬಸವ್ವ. "ನಾಲ್ಕರ ಬಸ್ಸು ತಪ್ಪಿಸಬ್ಯಾಡ್ರಿ, ಆಮ್ಯಾಲಿನ ಬಸ್ಸಿಗೆ ಗದ್ದಲ ಇರ್ತೈತಿ."

ಅವನು ಕೊಡೆ ಬಿಚ್ಚಿ ಓಣಿಗಿಳಿದ. ಎರಡು ಹೆಜ್ಜೆ ಹೋಗಿ ತಿರುಗಿ, ಅನ್ನಕ್ಕೆ ಎಷ್ಟು ನೀರು ಇಡಬೇಕು ಎಂದು ಕೇಳಿದ. ಬೆರಳಿನ ಒಂದು ಗೆಣ್ಣು ಎಂದು ಅವಳು ಕೈಯೆತ್ತಿ ತೋರಿಸಿದಳು. ಅವನೂ ತನ್ನ ಬೆರಳನ್ನು ಎತ್ತಿ, ಗೆಣ್ಣನ್ನು ಗುರುತು ಮಾಡಿಕೊಂಡು, ಅದನ್ನು ಹಾಗೇ ಹಿಡಿದುಕೊಂಡು ಸ್ಟ್ಯಾಂಡಿನ ಕಡೆ ಹೋದ. ಅವನು ಮೂಲೆ ತಿರುಗುವುದನ್ನು ಶಿವಬಸವ್ವ ನೋಡಲಿಲ್ಲ; ಕಂಬಕ್ಕೆ ತಲೆಕೊಟ್ಟಿದ್ದಳು, ಕಣ್ಣು ಎಳೆಯುತ್ತಿದ್ದವು.