ಹತ್ತಿರದ ಶಿಬಿರ ಯಾರಿಗೆ ಬೇಕು?

ಮಾರಾಯ್ರೆ, ಇವತ್ತು ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಎಲ್ಲ ಊರಿನ ಯುವಜನರ ಸಭೆಯಲ್ಲಿ ನನ್ನ ಮರ್ಯಾದೆ ಹೋದದ್ದು ಕೇಳಿ. ಹೋದ ವರ್ಷ ಯುವಜನರ ಬೇಸಿಗೆ ಶಿಬಿರಕ್ಕೆ ಎಲ್ಲರನ್ನೂ ಮಣಿಪಾಲಕ್ಕೆ ಕರೆಸಿ, "ದೂರ ಆಯ್ತು" ಅಂತ ಬೈಸಿಕೊಂಡಿದ್ದೆವು. ಅದಕ್ಕೆ ಈ ಸಲ ಸಂಚಾಲಕಿಯಾದ ನಾನು ಕಾಪು, ಮಣಿಪಾಲ, ಕಾರ್ಕಳ ಅಂತ ಮೂರು ವಲಯ ಮಾಡಿ, ಅವರವರ ಊರಲ್ಲೇ ಶಿಬಿರ ಅಂತ ಹೇಳಿದೆ. ಚಪ್ಪಾಳೆ ಬೀಳುತ್ತದೆ ಅಂದುಕೊಂಡರೆ ಕಾರ್ಕಳದ ಪ್ರೀಮಾ ಎದ್ದು ನಿಂತಳು.

"ಆಂಟಿ, ನಮಗೆ ಕಾಪು ಕೊಡಿ."

"ನಿಮ್ಮ ಹಾಲ್‌ಗೆ ಎಂತ ಆಗಿದೆ?"

"ಹಾಲ್ ಚೆನ್ನಾಗಿ ಉಂಟು. ಆದರೆ ಅಡುಗೆಗೆ ನನ್ನ ಮಮ್ಮಿ, ಬಡಿಸಲಿಕ್ಕೆ ದೊಡ್ಡಮ್ಮ, ಬಾಗಿಲಲ್ಲಿ ಕಾವಲಿಗೆ ನಮ್ಮ ವಾಡೆಯ ಮುಖಂಡ ಗುರಿಕಾರರು. ಒಬ್ಬ ಹುಡುಗನ ಹತ್ತಿರ ನೀರು ಕೇಳಿದರೆ ಸಂಜೆಯೊಳಗೆ ಸಂಬಂಧ ಕುದುರಿಸ್ತಾರೆ!"

ಕಾಪುವಿನ ಹುಡುಗರಿಗೆ ಮಣಿಪಾಲವೇ ಬೇಕಂತೆ, ಸಮುದ್ರ ನೋಡಿ ನೋಡಿ ಸಾಕಾಗಿದೆಯಂತೆ. ಮಣಿಪಾಲದವರು ಕಾರ್ಕಳಕ್ಕೆ ಹೊರಟರು. "ಅಲ್ಲಿ ಪ್ರೀಮಾನ ಮಮ್ಮಿಯ ಅಡುಗೆ ಅಲ್ವಾ?" ಅಂದರು. ಫಾದರ್ ನಗುತ್ತಾ ಎಲ್ಲದಕ್ಕೂ ತಲೆಯಾಡಿಸಿಬಿಟ್ಟರು.

ಹೊರಗೆ ಬರುವಾಗ ನನ್ನ ಮಗಳು ಮೆಲ್ಲ ಕೇಳಿದಳು, "ಮಮ್ಮಿ, ನೀನು ಯಾವ ಊರಿನ ಶಿಬಿರದಲ್ಲಿ ಇರುವುದು?"

"ನಮ್ಮ ಊರು ಕಾಪುವಿನಲ್ಲೇ."

"ಹಾಗಾದರೆ ನಾನು ಕಾರ್ಕಳಕ್ಕೆ."

ಕಾರ್ಕಳಕ್ಕಿಂತ ಹತ್ತಿರದ ಮಣಿಪಾಲಕ್ಕೇ ಹೋದ ವರ್ಷ "ದೂರ ಆಯ್ತು" ಅಂತ ಎಲ್ಲರಿಗಿಂತ ಜೋರಾಗಿ ಬೊಬ್ಬೆ ಹಾಕಿದವಳು ಇವಳೇ.