ಅಲುಗಾಡಿದ ಒಂದೇ ಕಣ

ನನ್ನ ಚಿಕ್ಕಪ್ಪ ಕೊಪ್ಪದಲ್ಲಿ ಬಾಡಿಗೆ ವ್ಯಾನು ಇಟ್ಟುಕೊಂಡಿದ್ದರು. ಶೃಂಗೇರಿಗೆ ಹೋಗುವ ಯಾತ್ರಿಕರೇ ಅವರ ಗಿರಾಕಿಗಳು. ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ನಾನಾಗ ದೂರದ ಊರಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ರಜೆಗೆ ಬಂದಾಗ ಆ ವ್ಯಾನಿನ ಹೊಗೆ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ತಿರುವು ರಸ್ತೆಯಲ್ಲಿ ಮೊದಲೇ ಹೊಟ್ಟೆ ತೊಳಸುತ್ತಿದ್ದವರು ಆ ನಾತಕ್ಕೆ ಕಿಟಕಿಯಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದರು. ಸಂಜೆ ಬಾಗಿಲು ತೊಳೆಯಲು ಚಿಕ್ಕಪ್ಪನ ಜೊತೆ ನಾನೂ ನಿಲ್ಲುತ್ತಿದ್ದೆ, ಮೂಗಿಗೆ ಸೆರಗು ಕಟ್ಟಿಕೊಂಡು.

ಗ್ಯಾರೇಜಿನವನು ಹೊಗೆಯ ವಿಷ ಕಳೆಯುವ ಕನ್ವರ್ಟರ್ ಹಾಳಾಗಿದೆ ಎಂದು ಬಿಚ್ಚಿ ಎಸೆದ. ನಾನು ಅದನ್ನು ಕೇಳಿ ಪಡೆದೆ. ಅದರೊಳಗೆ ಕೆಲಸ ಮಾಡುವುದು ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಟಿನಂ ಕಣಗಳು. ನನ್ನ ಸಂಶೋಧನೆಯೂ ಅವುಗಳ ಮೇಲೆಯೇ. ಸೂಕ್ಷ್ಮದರ್ಶಕದೊಳಗೆ ಕಣಗಳನ್ನು ಬಿಸಿ ಮಾಡಿ, ಅನಿಲ ಹಾಯಿಸಿ, ಒಂದೊಂದೇ ಕಣ ಹೇಗೆ ಆಕಾರ ಬದಲಿಸುತ್ತದೆ ಎಂದು ನೋಡುತ್ತಿದ್ದೆವು. ಹಾಗೆ ಅಲುಗಾಡುವ ಕಣಕ್ಕೆ ಮಾತ್ರ ಕೆಲಸ ಮಾಡುವ ಶಕ್ತಿ ಉಳಿದಿದೆ ಎಂದು ನಮ್ಮ ಲೆಕ್ಕ. ಅಲ್ಲಿಯವರೆಗೆ ನೋಡಿದ್ದೆಲ್ಲ ಹೊಸ, ಶುದ್ಧ ಪುಡಿ. ರಸ್ತೆಯಲ್ಲಿ ದುಡಿದ ಕಣ ಹೇಗಿರುತ್ತದೆ ಎಂಬ ಕುತೂಹಲ ನನಗೆ.

ಪ್ರಯೋಗಾಲಯಕ್ಕೆ ಒಯ್ದು ನೋಡಿದರೆ ಅದು ಅಸಹ್ಯವಾಗಿತ್ತು. ಕಣಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗಿದ್ದವು, ಮೇಲೆ ಸುಟ್ಟ ಎಣ್ಣೆಯ ಹಕ್ಕಳೆ. ಅನಿಲ ಬಿಟ್ಟರೂ ಕದಲಲಿಲ್ಲ. ವಾರಗಟ್ಟಲೆ ಹುಡುಕಿದ ಮೇಲೆ ಒಂದು ಕಣ ಮಾತ್ರ ಹೊಸದರಂತೆ ಅಲುಗಿತು. ನನ್ನ ಮಾರ್ಗದರ್ಶಕರು ಆ ಒಂದನ್ನು ನೋಡಿ ಹಿಗ್ಗಿದರು. ಉಳಿದ ಚಿತ್ರಗಳನ್ನು ನಾವಿಬ್ಬರೂ ಸೇರಿ ಬರೆಯುತ್ತಿದ್ದ ಪ್ರಬಂಧದಲ್ಲಿ ಹಾಕುವುದು ಬೇಡ, ಅವು ಕೊಳಕು, ಓದುವವರಿಗೆ ಗೊಂದಲ ಎಂದರು. ಕೊಳಕೇ ಅಲ್ಲವೇ ನಮಗೆ ಸಿಕ್ಕಿದ್ದು ಎಂದೆ. ಅವರು ನಕ್ಕು ಬೇರೆ ಮಾತೆತ್ತಿದರು.

ಮುಂದಿನ ರಜೆಯಲ್ಲಿ ಅವರು ಶೃಂಗೇರಿ ಶಾರದೆಯ ದರ್ಶನಕ್ಕೆಂದು ನಮ್ಮೂರಿಗೆ ಬಂದರು. ನಮ್ಮ ಕಡೆಯವರ ಒತ್ತಾಯಕ್ಕೆ ಕೊಪ್ಪದ ಬಾಳಗಡಿಯ ಒಂದು ಕಾಲೇಜಿನಲ್ಲಿ ಉಪನ್ಯಾಸಕ್ಕೂ ಒಪ್ಪಿದರು. ಪರದೆಯ ಮೇಲೆ ಅದೇ ಕಣ ಅಲುಗಾಡಿತು. ಇದು ನಿಮ್ಮದೇ ರಸ್ತೆಯಲ್ಲಿ ಓಡಿದ ಗಾಡಿಯದು, ಇಷ್ಟು ವರ್ಷವಾದರೂ ಹೊಸದರ ಹಾಗೆ ದುಡಿಯುತ್ತಿದೆ ಎಂದು ದನಿ ಎತ್ತಿ ಹೇಳಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಚಿಕ್ಕಪ್ಪ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. 

ಒಬ್ಬ ವಿದ್ಯಾರ್ಥಿನಿ ಎದ್ದು, ಎಲ್ಲ ಕಣಗಳೂ ಹೀಗೇ ಇರುತ್ತವಾ ಎಂದು ಕೇಳಿದಳು. ಎಲ್ಲವೂ ಹೀಗೇ ಎಂದರು ಅವರು, ಕಣ್ಣು ಮಿಟುಕಿಸದೆ.

ನಾನು ಎದ್ದು ನಿಂತೆ. "ಇಲ್ಲ ಸರ್. ಆ ಪುಡಿ ನೋಡಿದ್ದು ನಾನು. ಅಲುಗಿದ್ದು ಇದೊಂದೇ. ಉಳಿದದ್ದೆಲ್ಲ ಸತ್ತಿತ್ತು."

ಅವರು ಮುಗುಳ್ನಕ್ಕು, ನಮ್ಮ ಹುಡುಗಿಗೆ ಎಲ್ಲದರಲ್ಲೂ ಅನುಮಾನ ಎಂದರು. ಸಭೆಯೂ ನಕ್ಕಿತು. ಆ ನಗು ಮೈಮೇಲೆ ಹುಳ ಹರಿದಂತಿತ್ತು.

ಆಮೇಲೆ ಸ್ಟಾಫ್ ರೂಮಿನಲ್ಲಿ ಅವರು ಗೋಳಿಬಜೆ ತಿನ್ನುತ್ತಾ, ಎಣ್ಣೆಗೈಯನ್ನು ಕಾಗದಕ್ಕೆ ಒರೆಸುತ್ತಾ, "ಮನೆ ಮಾತನ್ನ ಹೊರಗಿನವರ ಮುಂದೆ ಆಡಬಾರದಮ್ಮ" ಎಂದರು. ಪ್ರಬಂಧದಿಂದ ನನ್ನ ಹೆಸರು ತೆಗೆಯಿರಿ ಎಂದೆ. ಅವರ ಅಗಿತ ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು. ನಾನು ಹೊರಗೆ ಬಂದೆ. ನನಗೆ ಅವರಿಗಿಂತ, ಅವರ ಕೈಕೆಳಗೆ ಕಳೆದ ವರ್ಷಗಳೇ ಹೆಚ್ಚು ಹೇಸಿಗೆ ತರಿಸಿದವು.

ಅಂಗಳದಲ್ಲಿ ಚಿಕ್ಕಪ್ಪ ವ್ಯಾನಿಗೆ ಒರಗಿ ನಿಂತಿದ್ದರು.

"ಎಂತ ಮಾರಾಯ್ತಿ, ಅವ್ರು ಹೇಳಿದ್ದು ಸುಳ್ಳಾ?"

"ಹೌದು ಚಿಕ್ಕಪ್ಪ."

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಮತ್ತೆ ನಾನು ಚಪ್ಪಾಳೆ ಹೊಡ್ದೆನಲ್ಲ" ಎಂದರು.

ಮರುದಿನ ಆ ಅತಿಥಿಯನ್ನು ಶೃಂಗೇರಿಗೆ ಕರೆದೊಯ್ಯುವ ಬಾಡಿಗೆಯನ್ನು ಚಿಕ್ಕಪ್ಪ ಬೇರೆಯವರಿಗೆ ಬಿಟ್ಟುಕೊಟ್ಟರು. ನಾನು ಬೇರೆ ಮಾರ್ಗದರ್ಶಕರನ್ನು ಹುಡುಕಿಕೊಂಡೆ, ಮೊದಲಿನಿಂದ ಶುರು ಮಾಡಿದೆ, ತಡವಾಗಿ ಮುಗಿಸಿದೆ. ಈಗ ನರಸಿಂಹರಾಜಪುರದಲ್ಲಿ ಪಾಠ ಹೇಳುತ್ತೇನೆ. ಅವರ ಪ್ರಬಂಧ ನನ್ನ ಹೆಸರಿಲ್ಲದೆ ಅಚ್ಚಾಯಿತು, ಒಳ್ಳೆಯ ಹೆಸರನ್ನೂ ಪಡೆಯಿತು. ಯಾರಾದರೂ ಅದನ್ನು ಹೊಗಳಿದರೆ ಇಂದಿಗೂ ನಾನು ಎದ್ದು ಹೋಗುತ್ತೇನೆ.