ಅವ್ವ ಹೇಳಿದ ಊರುಗಳು

ಮಗಳು ಐದನೆಯ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಒಂದು ಚಾರ್ಟ್ ತಂದಳು. ಮೂರು ತಲೆಮಾರಿನ ಹೆಸರು, ಊರು, ಉದ್ಯೋಗ ಬರೆಯಬೇಕಂತೆ. ಅವ್ವ ಆಗ ವಿಸಿಟ್ ವೀಸಾದ ಮೇಲೆ ಬಂದು ಕುವೈತಿನ ಮಹಬೂಲಾದ ನಮ್ಮ ಫ್ಲ್ಯಾಟಿನಲ್ಲಿದ್ದಳು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಕೇಳುವುದಾದರೆ ಅವಳನ್ನೇ ಕೇಳಬೇಕು. ಶುಕ್ರವಾರ ರಜೆಯ ದಿನ ಹಾಳೆ, ಪೆನ್ನು ಹಿಡಿದು ಅವಳೆದುರು ಕುಳಿತೆ.

ಕುವೈತಿನಲ್ಲಿ ಅವ್ವ ಬಾಯಿ ತುಂಬ ಮಾತಾಡಿದ್ದು ಅದೊಂದೇ ದಿನ. ನಾವು ಬೈಲುಕಮ್ಮಾರರು. ನಮಗೆಂದು ಒಂದು ಊರಿರಲಿಲ್ಲ. ಬಿತ್ತಿಗೆಗೆ ಮುಂಚೆ ಗಾಡಿ ಹೂಡಿಕೊಂಡು ಹೊರಟು, ಊರಾಚೆ ಮರದ ಕೆಳಗೆ ತಿದಿ ಇಟ್ಟು ಕೆಂಡ ಊದಿ, ರೈತರ ಕುಳ, ಕುಡಗೋಲು, ಕುರ್ಪಿ ಬಡಿದುಕೊಟ್ಟು ಮುಂದಿನ ಊರಿಗೆ ಹೋಗುವ ಮಂದಿ. ಗಾಡಿ ಹೋಗುತ್ತಿದ್ದ ದಾರಿಯ ಕ್ರಮದಲ್ಲೇ ಅವ್ವ ಊರುಗಳನ್ನು ಒಂದೊಂದಾಗಿ ಹೇಳುತ್ತ ಹೋದಳು. ಇಲ್ಲಿ ನಿಮ್ಮಪ್ಪ ಹುಟ್ಟಿದ್ದು, ಇಲ್ಲಿ ನಿಮ್ಮಜ್ಜನನ್ನು ಮಣ್ಣು ಮಾಡಿದ್ದು, ಇಲ್ಲಿ ಏನಾದರೂ ಕಳುವಾದರೆ ಮೊದಲು ನಮ್ಮ ಗಂಟು ಬಿಚ್ಚಿಸುತ್ತಿದ್ದದ್ದು. ಹಾಳೆಯ ಎರಡೂ ಬದಿ ತುಂಬಿತು.

“ನಿಮ್ಮಪ್ಪ ಕುಂತು ಇಕ್ಕಳ ಹಿಡೀತಿದ್ದ, ನಾ ನಿಂತು ಘಣದ ಸುತ್ತಿಗಿ ಹೊಡೀತಿದ್ದೆ. ನಮ್ಮ ಮಂದ್ಯಾಗ ಅದು ಹೆಂಗಸರದೇ ಕೆಲಸ. ಅದನ್ನ ಬರೀ,” ಅಂದಳು.

ಹಾಳೆಯಲ್ಲಿ ಬರೆದುಕೊಂಡೆ. ಚಾರ್ಟಿನಲ್ಲಿ ಬರೆಯಲಿಲ್ಲ.

ಶುವೈಖಿನ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ನಾನು ಫೋರ್‌ಮನ್. ಅದೂ ಕಬ್ಬಿಣ ಬಡಿಯುವ ಕೆಲಸವೇ, ಆದರೆ ಹೆಲ್ಮೆಟ್ಟಿದೆ, ಬೂಟಿದೆ, ನಾಚಿಕೆಯಿಲ್ಲ. ನಮ್ಮ ಕಡೆಯ ಎಂಜಿನಿಯರುಗಳ ಮನೆಗಳಲ್ಲಿ ಹಬ್ಬಕ್ಕೆ ಸೇರಿದಾಗ ಎಲ್ಲರೂ ತಂತಮ್ಮ ಹೊಲ, ವಾಡೆ ಎಂದು ಕೊಚ್ಚಿಕೊಳ್ಳುವವರು. ನಾನೇನು ಕಡಿಮೆ? ಒಂದು ಹಳ್ಳಿಯ ಹೆಸರು ಹಿಡಿದು ಅಲ್ಲಿ ಹನ್ನೆರಡು ಎಕರೆ ಎರೆಹೊಲ ಹುಟ್ಟಿಸಿಕೊಂಡಿದ್ದೆ. ಅವರ ಮಕ್ಕಳೂ ಅದೇ ಶಾಲೆಗೆ ಹೋಗುತ್ತಿದ್ದವು, ಚಾರ್ಟನ್ನು ಕ್ಲಾಸಿನ ಗೋಡೆಗೆ ಅಂಟಿಸುತ್ತಾರೆ. ಅಜ್ಜ, ಅಪ್ಪ ಇಬ್ಬರಿಗೂ ಆ ಹಳ್ಳಿ, ಒಕ್ಕಲುತನ ಎಂದು ಬರೆಸಿದೆ. ಅವ್ವನಿಗೆ ಹೌಸ್‌ವೈಫ್. ಅರ್ಧ ಆಯುಷ್ಯವನ್ನು ಮನೆಯೇ ಇಲ್ಲದೆ ಕಳೆದವಳಿಗೆ! ಥೂ, ನನ್ನ ಜನ್ಮಕ್ಕಿಷ್ಟು.

ಸಂಜೆ ಅವ್ವ ಚಾರ್ಟನ್ನು ಮೊಮ್ಮಗಳ ಕೈಯಲ್ಲಿ ಓದಿಸಿದಳು. ಅವಳು ಇಂಗ್ಲಿಷಿನಲ್ಲಿ ಓದಿದಳು. ಅರ್ಥವಾಗದೆ ಅವ್ವ ಅದೇನೆಂದು ನನ್ನನ್ನು ಕೇಳಿದಳು. ಸುಳ್ಳು ಹೇಳಬಹುದಿತ್ತು, ಆದರೆ ಅದೇಕೋ ಬಾಯಿ ಬರಲಿಲ್ಲ. ಬರೆಸಿದ್ದನ್ನೇ ಹೇಳಿದೆ.

“ನಮ್ಮ ಕೆಲಸ ಅಷ್ಟು ಹೊಲಸಿತ್ತೇನಪಾ?” ಅಂದಳು.

ಇಲ್ಲಿ ನನಗೊಂದು ಮರ್ಯಾದೆ ಇದೆ, ನಾಲ್ಕು ಮಂದಿಯ ಮುಂದೆ ಅದನ್ನು ಕಳೆಯಬೇಡ ಎಂದು ರೇಗಿದೆ. ಅವ್ವ ಬಲಗೈಯ ರಟ್ಟೆಯನ್ನು ಎಡಗೈಯಿಂದ ಹಿಡಿದುಕೊಂಡಳು. ಘಣ ಹೊಡೆದು ಹೊಡೆದು ಆ ಕೈ ಭುಜದಿಂದ ಮೇಲೇಳುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದದ್ದು ಎಂದು ಇಲ್ಲಿಯ ಡಾಕ್ಟರಿಗೂ ನಾನೇ ಹೇಳಿದ್ದೆ.

“ಈ ಕೈಮ್ಯಾಲೇ ನಿನ್ನ ಐಟಿಐ ಆತು,” ಅಂದವಳು ಮತ್ತೆ ಆ ಮಾತು ಎತ್ತಲಿಲ್ಲ. ನಾನು ಆ ಹಾಳೆಯನ್ನು, ಬಂದವರ ಕಣ್ಣಿಗೆ ಬಿದ್ದೀತೆಂದು, ಹರಿದು ಕೆಳಗಿನ ಕಸದ ಡಬ್ಬಿಗೆ ಹಾಕಿ ಬಂದೆ. ವೀಸಾ ಮುಗಿದು ಅವ್ವ ಊರಿಗೆ ಹೋದಳು. ಮರುವರ್ಷ ತೀರಿಕೊಂಡಳು.

ಮಗಳು ಕಾಲೇಜಿಗೆಂದು ಹುಬ್ಬಳ್ಳಿ ಸೇರಿದ ಮೇಲೆ ಅವಳಿಗೆ ವಂಶದ ಹುಚ್ಚು ಹಿಡಿಯಿತು. ಚಾರ್ಟಿನಲ್ಲಿದ್ದ ಹಳ್ಳಿಗೆ ಹೋಗಿ, ಹಳೆಯ ಪಹಣಿ ತೆಗೆಸಿ ನೋಡಿದಳಂತೆ. ಅಜ್ಜನ ಹೆಸರಿಲ್ಲ. ಕಟ್ಟೆಯ ಮೇಲಿನ ಮುದುಕರಿಗೂ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನಿಂದಲೇ ನನಗೆ ಫೋನ್ ಮಾಡಿದಳು. ಶೆಡ್ಡಿನ ಗದ್ದಲದಿಂದ ಹೊರಗೆ ಬಂದು, ಬಿಸಿಲಲ್ಲಿ ನಿಂತು ಎಲ್ಲ ಹೇಳಿದೆ.

ಬೈಯುತ್ತಾಳೆಂದುಕೊಂಡಿದ್ದೆ. ಬೈಯಲಿಲ್ಲ. ಪೆನ್ನು ತೆಗೆದಳೆಂದು ಕಾಣುತ್ತದೆ, ಎಂದೂ ಇಂಗ್ಲಿಷ್ ಬಿಡದವಳು ಕನ್ನಡದಲ್ಲೇ ಕೇಳಿದಳು: “ಅಜ್ಜಿ ಹೇಳಿದ ಊರು ಒಂದೊಂದೇ ಹೇಳಿ ಪಪ್ಪಾ, ನಾನು ಹೋಗಿ ನೋಡ್ತೀನಿ.”

ನೆನಪಿಗೆ ಬಂದದ್ದು ಎರಡು ಊರು. ಮೂರನೆಯದನ್ನು ಹೇಳಲು ಹೋಗಿ ಮೊದಲಿನದನ್ನೇ ಇನ್ನೊಮ್ಮೆ ಹೇಳಿದೆ. ಅವಳು ಅದನ್ನೂ ಬರೆದುಕೊಂಡಳು.